ಕಟ್ಟಿದವರಿಗೆ ಮಾತ್ರ ಪಿಂಚಣಿ ಅಂದ್ಮೇಲೆ ಕಡುಬಡವರಿಗೆ ಅದು ಸಿಗೋದಾದ್ರೂ ಹೇಗೆ?

ಅಂಕಿಸಂಕಟ:
ಎಲ್ರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಟೇಬಲ್ ಮುಂದೆ ಕೂತು ತಲೆ ಕೆಟ್ಟೋಗಿದೆ. ಮನೆಮನೆ ಸರ್ವೆ ಮಾಡಿ ತೆಗೆದ ಲೆಕ್ಕ, ವರ್ಲ್ಡ್ ಬ್ಯಾಂಕ್‌ನೋರು ದೇಶದೇಶಕ್ಕೂ ಹಾಕ್ತಾರಲ್ಲ ಆ ತರದ್ದು. ಅದ್ರಲ್ಲಿ ಒಂದು ಕಾಲಂ ಇದೆ, ವಂತಿಗೆ ಪಿಂಚಣಿ ಅಂತ ಜನರ ಕೈಗೆ ಹೋದ ಒಟ್ಟು ದುಡ್ಡಲ್ಲಿ ಕಡುಬಡವರ ಪಾಲು ಎಷ್ಟು ಅಂತ. ವಂತಿಗೆ ಪಿಂಚಣಿ ಅಂದ್ರೆ ದುಡಿಯೋವಾಗ ಸಂಬಳದಲ್ಲಿ ಇಷ್ಟು ಹಿಡ್ಕೊಂಡು, ಮಾಲೀಕರು ಇಷ್ಟು ಸೇರ್ಸಿ, ವಯಸ್ಸಾದ್ಮೇಲೆ ತಿಂಗಳು ತಿಂಗಳು ವಾಪಸ್ ಕೊಡೋದು. ಸರ್ಕಾರ ಸುಮ್ನೆ ಕೊಡೋ ವೃದ್ಧಾಪ್ಯ ವೇತನ ಇದಲ್ಲ. ಬಹಳ ಬಡ ದೇಶಗಳ ಸಾಲಲ್ಲಿ ಈ ಪಾಲು ಇದ್ಯೋ ಇಲ್ವೋ ಅನ್ನೋ ಹಾಗಿದೆ. ಅದು ಅರ್ಥ ಆಗುತ್ತೆ. ಆದ್ರೆ ಪೂರ್ತಿ ಸೊನ್ನೆ ಅಲ್ವಲ್ಲ, ಒಂಚೂರು ಇದೆ. ನಂಗೆ ಕಾಡ್ತಿರೋದು ಆ ಒಂಚೂರು. ತಲೆಗೆ ದಿನಕ್ಕೆ 3 ಡಾಲರ್ ಒಳಗೆ ಬದುಕೋ ಮನೆಗೆ ಕಟ್ಟಿದ ಪಿಂಚಣಿ ಎಲ್ಲಿಂದ ಬಂತು? ಯಾರು ಕಟ್ಟಿದ್ರು?

ನೇರಮಾತು:
ಇದ್ರಲ್ಲಿ ತಲೆ ಕೆಡಿಸ್ಕೊಳೋದು ಏನಿದೆ ಸ್ವಾಮಿ. ವಿಮೆ ಅದು. ಕಟ್ಟಿದವನು ತಗೋತಾನೆ, ಕಟ್ಟದೇ ಇರೋನು ತಗೊಳಲ್ಲ. ಸಿನಿಮಾಗೆ ಟಿಕೆಟ್ ತಗೊಳ್ದೇ ಇರೋರಲ್ಲಿ ಎಷ್ಟು ಜನ ಸಿನಿಮಾ ನೋಡಿದ್ರು ಅಂತ ಕೇಳ್ದಂಗಾಯ್ತು. ಬಡವರಿಗೆ ಬೇರೆ ಯೋಜನೆ ಇರುತ್ತೆ, ಅದನ್ನ ಅಳೀರಿ.

ಸುಮ್ನೆಓದ್ತೀನಿ:
ಗೋಡೆ ಹಾರಿ ಬಂದು ನೋಡೋರು ಇರ್ತಾರಲ್ಲ, ಆ ಒಂಚೂರು ಅವ್ರೇ ಇರ್ಬೇಕು 😀

ಹಳೇಗುಮಾಸ್ತ:
ನೇರಮಾತು ಅವರೇ, ಅಷ್ಟು ಸಲೀಸಲ್ಲ. ಪಿಂಚಣಿ ಸೆಕ್ಷನ್ನಿನಲ್ಲಿ ಬಹಳ ವರ್ಷ ಫೈಲು ತಿರುವಿದವನು ನಾನು, ಅದಕ್ಕೇ ಹೇಳ್ತೀನಿ. "ಕಟ್ಟಿದವನು ತಗೋತಾನೆ" ಅನ್ನೋದು ಅರ್ಧ ಸತ್ಯ. ಸಾಕಷ್ಟು ವರ್ಷ ಕಟ್ಟಿದವನು, ಅದನ್ನ ಕಾಗದದಲ್ಲಿ ತೋರಿಸೋಕೆ ಆಗೋನು ತಗೋತಾನೆ. ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದಲ್ಲಿ, 1889ರಲ್ಲಿ, ಈ ವ್ಯವಸ್ಥೆಗೆ ಕಾನೂನು ಬಂತು. ಕಾರ್ಮಿಕನಿಗೆ ಒಂದು ಕಾರ್ಡು, ವಾರಕ್ಕೊಂದು ಸ್ಟಾಂಪು ಅಂಟಿಸ್ಬೇಕು, ಪಿಂಚಣಿ ವಯಸ್ಸು 70. ಅಷ್ಟು ವಯಸ್ಸಿನ ತನಕ ಗಣಿ ಕೆಲಸದವರು ಎಷ್ಟು ಜನ ಉಳೀತಿದ್ರು ಹೇಳಿ. 1916ರಲ್ಲಿ 65ಕ್ಕೆ ಇಳಿಸಿದ್ರು. ಸ್ಟಾಂಪು ಹೋಗಿ ಕಂಪ್ಯೂಟರ್ ಬಂದಿರಬಹುದು, ಯೋಚನೆ ಈಗಲೂ ಅದೇ ಕಾರ್ಡಿಂದೇ. ವಾರ ತಪ್ಪಿದ್ರೆ ಚೌಕ ಖಾಲಿ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 102ನೇ ಒಡಂಬಡಿಕೆ ಅಂತ ಇದೆ, 1952ರದ್ದು. ಅದರ ಪ್ರಕಾರ ಪೂರ್ತಿ ಪಿಂಚಣಿಗೆ 30 ವರ್ಷದ ವಂತಿಗೆ ಕೇಳಬಹುದು, 15 ವರ್ಷ ಕಟ್ಟಿದವರಿಗೆ ಕಡಿಮೆ ಮಾಡಿಯಾದ್ರೂ ಕೊಡಬೇಕು. ಹದಿನೈದು ವರ್ಷ ಅಂದ್ರೆ ಆಫೀಸಲ್ಲಿ ಕೂತವರಿಗೆ ಏನೂ ಅಲ್ಲ. ಮೂರು ತಿಂಗಳು ಕೆಲಸ, ಎರಡು ತಿಂಗಳು ಖಾಲಿ, ಮತ್ತೆ ಬೇರೆ ಮೇಸ್ತ್ರಿ ಹತ್ರ, ಹೀಗೆ ಬದುಕಿದವರಿಗೆ ಅದು ಎರಡು ಜನ್ಮದ ಮಾತು. ಅಂಥವರ ಫೈಲು ನನ್ನ ಟೇಬಲ್ಲಿಗೆ ಬಂದಾಗ ಮೊದಲು ನೋಡ್ತಿದ್ದಿದ್ದು ದಪ್ಪ. ಬಡವರ ಫೈಲೇ ದಪ್ಪ ಇರ್ತಿತ್ತು. ಒಂದೇ ಕಡೆ ಇದ್ದವರದ್ದು ನಾಲ್ಕು ಹಾಳೆ, ಹನ್ನೊಂದು ಕಡೆ ದುಡಿದವರದ್ದು ನೂರು ಹಾಳೆ, ಕೊನೇಗೆ ಷರಾ "ಅವಧಿ ಸಾಲದು".

ಬಾವಿಕಟ್ಟೆ:
ಗುಮಾಸ್ತರು ಹೇಳಿದ್ದು ಖರೇ ಐತ್ರಿ. ನಮ್ಮಪ್ಪಂದು ಕೇಳ್ರಿ. ಒಂದ ಮಾಲಕನ ಕಡೆ ಎಂಟ ವರ್ಷ ದುಡದಾನ. ಪ್ರತಿ ತಿಂಗಳ ಪಗಾರದಾಗ ಕಟ್ ಆಕ್ಕಿತ್ತು, ಚೀಟಿಯೊಳಗ ಬರದಿರತಿದ್ರು. ಆಮ್ಯಾಲ ಆ ಕಾರ್ಖಾನಿ ಮುಚ್ಚಿತು. ಹೋಗಿ ವಿಚಾರ ಮಾಡಿದ್ರ ಕಟ್ಟಿದ್ದು ಒಂದೂವರಿ ವರ್ಷದ್ದಷ್ಟ. ಉಳದದ್ದು ಮಾಲಕನ ಕಿಸೆದಾಗ. ಚೀಟಿ ಎಲ್ಲಾ ಒಂದ ಬಿಸ್ಕಿಟ್ ಡಬ್ಬಿಯೊಳಗ ಇಟ್ಟಿದ್ದ ನಮ್ಮಪ್ಪ, ಗೆದ್ದಲ ತಿಂದು ಅರ್ಧ ಆಗಿದ್ವು. ಕೌಂಟರಿನ್ಯಾಗ ಕುಂತಾಂವ ಡಬ್ಬಿ ಮುಚ್ಚಳ ಸೈತ ತಗೀಲಿಲ್ಲ, "ನಮ್ಮ ಸಿಸ್ಟಮ್ಮಿನ್ಯಾಗ ಇಲ್ಲ" ಅಂದ. ಈಗ ಹೇಳ್ರಿ ನೇರಮಾತು ಅವರ, ನಮ್ಮಪ್ಪ ಟಿಕೇಟ್ ತಗೊಂಡಾನೋ ಇಲ್ಲೋ?

ನೇರಮಾತು:
ತಗೊಂಡಿದಾರೆ ಅಣ್ಣ. ಅದು ಕಳ್ಳತನ, ಅದನ್ನ ಒಪ್ತೀನಿ, ಮಾತು ವಾಪಸ್. ಆದ್ರೆ ಮಾಲೀಕನ ಮೋಸ ಬೇರೆ, ಯೋಜನೆಯ ತಪ್ಪು ಬೇರೆ. ಮೋಸ ಇಲ್ಲದ ಕಡೇನೂ ಬಡವರಿಗೆ ಸಿಗ್ತಿಲ್ಲ ಅಂತಾದ್ರೆ ಆಗ ಮಾತಾಡೋಣ.

ಪದಪ್ರೇಮಿ:
ಒಂದು ಸಣ್ಣ ತಕರಾರು. "ವಂತಿಗೆ" ಅಂದ್ರೆ ಊರವರೆಲ್ಲ ಸೇರಿ ಹಾಕೋ ಚಂದಾ ನೆನಪಾಗುತ್ತೆ. ಸಂಬಳದಿಂದ ಕಡ್ಡಾಯವಾಗಿ ಹಿಡ್ಕೊಳೋದಕ್ಕೆ ಆ ಮಾತು ಸರಿನಾ? "ಕಟ್ಟುಪಿಂಚಣಿ" ಅಂದ್ರೆ ಹೇಗೆ?

ಸುಮ್ನೆಓದ್ತೀನಿ:
ಕಟ್ಟುಪಿಂಚಣಿ ಅಂದ್ರೆ ಹಗ್ಗ ಹಾಕಿ ಕಟ್ಟಿದ್ದಾರೆ ಅನ್ಸುತ್ತೆ. ಅದೂ ಸುಳ್ಳಲ್ಲ ಬಿಡಿ.

ಲೆಕ್ಕದಮೇಷ್ಟ್ರು:
ಮೂಲ ಪ್ರಶ್ನೆಗೆ ಬರೋಣ. ಅಂಕಿಸಂಕಟ, ನಿಮ್ಮ ಟೇಬಲ್ಲಿನ ಅಡಿಟಿಪ್ಪಣಿ ಓದಿದ್ರಾ? ಬಡವರು ಅಂತ ಗೆರೆ ಎಳೆದಿದ್ದು ಪಿಂಚಣಿ ಸೇರಿಸಿದ ಮೇಲೋ, ಕಳೆದ ಮೇಲೋ? ಉತ್ತರ ಅಡಗಿರೋದು ಅಲ್ಲೇ.

ಒಂದು ಮನೆ ತಗೊಳ್ಳಿ, ಐದು ಜನ. ಕೂಲಿಯಿಂದ ಮನೆಗೆ ದಿನಕ್ಕೆ 12 ಡಾಲರ್ (ಬೆಲೆ ಹೊಂದಿಸಿದ ಡಾಲರ್, ನಿಜವಾದ ನೋಟಲ್ಲ). ತಲೆಗೆ 2.40. ಗೆರೆ 3ರಲ್ಲಿದೆ, ಹಾಗಾಗಿ ಕಡುಬಡವರು. ಈಗ ಆ ಮನೇಲಿ ಒಬ್ಬ ಅಜ್ಜಿ ಇದಾರೆ, ಅವರಿಗೆ ದಿನಕ್ಕೆ 4 ಲೆಕ್ಕದಲ್ಲಿ ಪಿಂಚಣಿ ಬರುತ್ತೆ. ಒಟ್ಟು 16, ತಲೆಗೆ 3.20. ಆ ಮನೆ ಗೆರೆ ದಾಟ್ತು. ಪಿಂಚಣಿ ಸೇರಿಸಿ ಅಳೆದ್ರೆ "ಕಡುಬಡವರಿಗೆ ಪಿಂಚಣಿ ಹೋಗಿಲ್ಲ" ಅಂತ ಬರುತ್ತೆ. ಕಳೆದು ಅಳೆದ್ರೆ "ಆ 4 ಪೂರ್ತಿ ಕಡುಬಡವರಿಗೇ ಹೋಗಿದೆ" ಅಂತ ಬರುತ್ತೆ. ಮನೆ ಅದೇ, ಅಜ್ಜಿ ಅದೇ, ದುಡ್ಡು ಅದೇ. ಅಂದ್ರೆ ಮೊದಲನೇ ಲೆಕ್ಕದಲ್ಲಿ ಪಿಂಚಣಿ ಚೆನ್ನಾಗಿ ಕೆಲಸ ಮಾಡಿದಷ್ಟೂ ಕೆಟ್ಟದಾಗಿ ಕಾಣುತ್ತೆ.

ಇನ್ನೊಂದು ತಮಾಷೆ ನೋಡಿ, ಗೆರೆನೂ ನಿಂತಲ್ಲಿ ನಿಂತಿಲ್ಲ. 2015ರಲ್ಲಿ 1.90 ಇತ್ತು, 2022ರಲ್ಲಿ 2.15 ಆಯ್ತು, 2025ರ ಜೂನ್‌ನಲ್ಲಿ 3 ಆಯ್ತು. ಆ ಗೆರೆಗಳ ಡಾಲರೂ ಒಂದೇ ಅಲ್ಲ, ಬೇರೆ ಬೇರೆ ವರ್ಷದ ಬೆಲೆಗೆ ಹೊಂದಿಸಿದ್ದು. ಹಾಗಾಗಿ ಎರಡು ಬೇರೆ ಬೇರೆ ವರ್ಷ ಪ್ರಕಟವಾದ ಟೇಬಲ್ ಪಕ್ಕಪಕ್ಕ ಇಟ್ಟು "ಏರಿತು, ಇಳೀತು" ಅನ್ನೋಕೆ ಹೋಗ್ಬೇಡಿ.

ಅಂಕಿಸಂಕಟ:
ಮೇಷ್ಟ್ರೇ 🙏 ಈಗ ನೋಡ್ದೆ. ಪಿಂಚಣಿ ಸೇರಿಸಿದ ಮೇಲೇ ಗೆರೆ ಎಳೆದಿರೋದು. ಹಾಗಾದ್ರೆ ಕಳೆದು ಮಾಡೋದೇ ಸರಿ ಅಲ್ವಾ?

ಲೆಕ್ಕದಮೇಷ್ಟ್ರು:
ಅದಕ್ಕೂ ಹುಳುಕಿದೆ. ಪಿಂಚಣಿ ಕಳೀತೀರಿ, ಮಿಕ್ಕಿದ್ದೆಲ್ಲ ಹಾಗೇ ಇರುತ್ತೆ ಅಂದ್ಕೋತೀರಿ. ಪಿಂಚಣಿ ಇಲ್ದೇ ಹೋಗಿದ್ರೆ ಅಜ್ಜಿ ಇನ್ನೊಬ್ಬ ಮಗನ ಮನೇಲಿ ಇರ್ತಿದ್ರೋ ಏನೋ, ಇಲ್ಲಾ ಸೊಸೆನೂ ಕೆಲಸಕ್ಕೆ ಹೋಗ್ತಿದ್ಲೋ ಏನೋ. ದೊಡ್ಡ ಪಿಂಚಣಿ ಬರೋ ಮನೆಗಳಲ್ಲಿ ಬೇರೆ ದುಡಿಮೆನೇ ಇರಲ್ಲ, ಗಂಡ ಹೆಂಡತಿ ಇಬ್ರೇ, ನಿವೃತ್ತ ಅಧಿಕಾರಿ. ಅವರ ಪಿಂಚಣಿ ಕಳೆದ್ರೆ ಅವರೂ ಕಾಗದದ ಮೇಲೆ "ಕಡುಬಡವರು" ಆಗ್ಬಿಡ್ತಾರೆ! ಆಗ ಪಾಲು ಸುಮ್ನೆ ಊದ್ಕೊಳುತ್ತೆ. ಎರಡೂ ಮಾಡಿ, ಎರಡನ್ನೂ ಹಾಕಿ.

ನೇರಮಾತು:
ಇದನ್ನೇ ನಾನು ಹೇಳಿದ್ದು, ಪಿಂಚಣಿ ಬರೋರು ಬಡವರಲ್ಲ ಅಂತ.

ಲೆಕ್ಕದಮೇಷ್ಟ್ರು:
ಇಲ್ಲ, ನೀವು ಹೇಳಿದ್ದು ಬಡವರು ಕಟ್ಟಲ್ಲ ಅಂತ. ಅದು ಬೇರೆ ಮಾತು. ಅಂದಹಾಗೆ ಇಲ್ಲಿ ಮೂರು ಪ್ರಶ್ನೆ ಕಲಸಿಕೊಂಡಿದೆ. ಬಡವರಲ್ಲಿ ಎಷ್ಟು ಜನರಿಗೆ ಬರುತ್ತೆ, ಒಟ್ಟು ದುಡ್ಡಲ್ಲಿ ಅವರ ಪಾಲೆಷ್ಟು, ಬಂದವರ ಮನೆ ಖರ್ಚಿಗೆ ಅದು ಎಷ್ಟು ಆಗುತ್ತೆ. ಮೊದಲೆರಡು ಚಿಕ್ಕದಿದ್ದು ಮೂರನೇದು ದೊಡ್ಡದಿರಬಹುದು. ಇಡೀ ಕೇರಿಲಿ ಒಂದೇ ಮನೆಗೆ ಬಂದ್ರೂ ಆ ಮನೆ ಒಲೆ ಅದ್ರಲ್ಲೇ ಉರೀತಿರಬಹುದು.

ಜಾನಕತ್ತೆ:
"ಯಾರು ಕಟ್ಟಿದ್ರು" ಅಂತ ಕೇಳಿದ್ರಲ್ಲ ಅಂಕಿಸಂಕಟ, ಸತ್ತವರು ಕಟ್ಟಿದ್ದು ಕಣಪ್ಪ. ವಿಧವೆಯರ ಪಿಂಚಣಿ, ಅಂದ್ರೆ ಕುಟುಂಬ ಪಿಂಚಣಿ. ನಿಮ್ಮ ಒಂಚೂರಲ್ಲಿ ಅದೂ ಸೇರಿರುತ್ತೆ, ಬೇಕಾದ್ರೆ ಬೇರೆ ಮಾಡಿ ನೋಡಿ. ಗಂಡ ಇದ್ದಾಗ ಸುಮಾರಾಗಿ ನಡೀತಿತ್ತು, ಹೋದ್ಮೇಲೆ ಅರ್ಧದಷ್ಟು ಪಿಂಚಣಿಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ. ಆ ಅರ್ಧಕ್ಕೂ ಎಷ್ಟು ಕಾಗದ! ನಮ್ಮ ಚಿಕ್ಕಮ್ಮನ ಮದುವೆ ರಿಜಿಸ್ಟರ್ ಆಗಿರ್ಲಿಲ್ಲ, ಒಂದು ಕಾಗದದಲ್ಲಿ ಒಂದು ಹೆಸರು ಇನ್ನೊಂದರಲ್ಲಿ ತವರಿನ ಹೆಸರು. "ನೀವೇ ಅವರ ಹೆಂಡತಿ ಅಂತ ಹೇಗೆ ನಂಬೋದು" ಅಂತ ಕೇಳಿದ್ರಂತೆ, ನಲವತ್ತು ವರ್ಷ ಸಂಸಾರ ಮಾಡಿದವಳನ್ನ. ವರ್ಷಕ್ಕೊಂದ್ಸಲ ಬದುಕಿದೀನಿ ಅಂತ ಹೆಬ್ಬೆಟ್ಟು ಬೇರೆ ಒತ್ತಬೇಕು, ಪಾತ್ರೆ ತಿಕ್ಕಿ ತಿಕ್ಕಿ ಗೆರೆನೇ ಸವೆದಿದೆ, ಮಿಷನ್ನು ಒಪ್ಪಲ್ಲ. ಐದು ಸಲ ಒತ್ತಿಸಿ ಆರನೇ ಸಲಕ್ಕೆ "ನಾಳೆ ಬನ್ನಿ".

ಮತ್ತೆ ಮನೆಕೆಲಸ ಮಾಡೋರ ಮಾತು ಯಾರೂ ಎತ್ತಲೇ ಇಲ್ಲ. ಅವರಿಗೆ ಯಾರು ಕಟ್ತಾರೆ?

ನಕಾಶೆ:
ಜಾನಕತ್ತೆ ಹೇಳಿದ್ದಕ್ಕೆ ಸೇರಿಸ್ತೀನಿ. ಇದು ತಪ್ಪಿ ಆದದ್ದಲ್ಲ, ಬಹಳ ಕಡೆ ಕಾನೂನು ಬರೆಯೋವಾಗಲೇ ಬಿಟ್ಟಿದ್ದು. ಅಮೆರಿಕದ 1935ರ ಸೋಶಿಯಲ್ ಸೆಕ್ಯುರಿಟಿ ಕಾನೂನಲ್ಲಿ ಹೊಲದ ಕೂಲಿಗಳೂ ಮನೆಕೆಲಸದವರೂ ಇರ್ಲಿಲ್ಲ, ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಲ್ಲಿ ಹೆಚ್ಚಿನವರು ಮಾಡ್ತಿದ್ದಿದ್ದೇ ಆ ಎರಡು ಕೆಲಸ. 1950ರ ತಿದ್ದುಪಡಿಯಿಂದಾಚೆಗೆ ಒಳಗೆ ಸೇರಿಸ್ಕೊಂಡು ಬಂದ್ರು.

ಸರಿ ಮಾಡ್ಕೊಂಡವರೂ ಇದಾರೆ. ಬ್ರೆಜಿಲ್ 1988ರಲ್ಲಿ ಹೊಸ ಸಂವಿಧಾನ ಬರ್ಕೊಂಡಾಗ ಹಳ್ಳಿ ರೈತರಿಗೂ ಹಕ್ಕು ಕೊಡ್ತು, 1991ರಲ್ಲಿ ಅದಕ್ಕೆ ಕಾನೂನು ಬಂತು. ಸಣ್ಣ ರೈತ ಪ್ರತಿ ತಿಂಗಳು ಕಟ್ಟಿದ ರಸೀದಿ ತೋರಿಸ್ಬೇಕಿಲ್ಲ, ಹೊಲದಲ್ಲಿ ಇಷ್ಟು ವರ್ಷ ದುಡಿದಿದ್ದಕ್ಕೆ ಸಾಕ್ಷಿ ಕೊಟ್ರೆ ಆಯ್ತು, ಗಂಡಸರಿಗೆ 60, ಹೆಂಗಸರಿಗೆ 55, ಕನಿಷ್ಠ ವೇತನದಷ್ಟು ಪಿಂಚಣಿ. ಮಜಾ ಅಂದ್ರೆ ಕಾನೂನಿನ ಲೆಕ್ಕದಲ್ಲಿ ಅದು ಸಾಮಾಜಿಕ ವಿಮೆಯ ಒಳಗೇ ಬರುತ್ತೆ! ಮೇಷ್ಟ್ರೇ, ಇಂಥದ್ದನ್ನ ವಂತಿಗೆ ಅಂತ ಎಣಿಸ್ತೀರೋ ಸಹಾಯಧನ ಅಂತಲೋ? ಯಾವ ಡಬ್ಬಿಗೆ ಹಾಕ್ತೀರಿ ಅನ್ನೋದ್ರ ಮೇಲೆ ಆ ದೇಶದ ಸಾಲು ಪೂರಾ ಬದಲಾಗುತ್ತೆ.

ಉರುಗ್ವೆ 2008ರಲ್ಲಿ 35 ವರ್ಷದ ಷರತ್ತನ್ನ 30ಕ್ಕೆ ಇಳಿಸಿ, ಹೆಂಗಸರಿಗೆ ಮಗುವಿಗೆ ಒಂದರಂತೆ ಐದು ವರ್ಷದ ತನಕ ಕಟ್ಟಿದ ಲೆಕ್ಕಕ್ಕೆ ಸೇರಿಸ್ತು. ಹೆತ್ತು ಸಾಕಿದ್ದೂ ದುಡಿಮೆ ಅಂತ ಪಿಂಚಣಿ ಪುಸ್ತಕದಲ್ಲಿ ಬರೆದ್ರಲ್ಲ, ನನಗೆ ಆ ಸಾಲು ಬಹಳ ಇಷ್ಟ.

ಲೆಕ್ಕದಮೇಷ್ಟ್ರು:
ಒಳ್ಳೇ ಪ್ರಶ್ನೆ. ನಾನಾದ್ರೆ ಬ್ರೆಜಿಲ್‌ನ ಬೇರೆ ಸಾಲಲ್ಲಿ ಹಾಕಿ ಕೆಳಗೆ ಟಿಪ್ಪಣಿ ಬರೀತೀನಿ. ಎಲ್ರೂ ಹಾಗೆ ಮಾಡಲ್ಲ.

ತರಗೆಲೆ:
ಭಾರತದಲ್ಲಿ ಅಟಲ್ ಪಿಂಚಣಿ ಇದ್ಯಲ್ಲ, ಕೂಲಿಯವರೂ ಕಟ್ಬಹುದು, ಬ್ಯಾಂಕ್ ಅಕೌಂಟ್ ಇದ್ರೆ ಸಾಕು. ಸುಮ್ನೆ ಎಲ್ಲದಕ್ಕೂ ಬಡವರಿಗೆ ಸಿಗಲ್ಲ ಸಿಗಲ್ಲ ಅಂತ ಅಳೋದು ಯಾಕೆ.

ಹಳೇಗುಮಾಸ್ತ:
ತರಗೆಲೆ, ಕಟ್ಬಹುದು, ನಿಜ. ಆದರೆ ಲೆಕ್ಕ ಹಾಕಿ. ಯೋಜನೆ ಶುರುವಾಗಿದ್ದು 2015ರಲ್ಲಿ. ಸೇರೋಕೆ ವಯಸ್ಸು 18ರಿಂದ 40. ಪಿಂಚಣಿ 60ಕ್ಕೆ. ಮೊದಲ ವರ್ಷವೇ 40ರಲ್ಲಿ ಸೇರಿದವನಿಗೂ ತಿಂಗಳ ಪಿಂಚಣಿ 2035ಕ್ಕೇ. ಅಲ್ಲಿಯ ತನಕ ಸರ್ವೆಯಲ್ಲಿ ವಯಸ್ಸಾದವರಿಗೆ ಅದರಿಂದ ಬಂದ ಪಿಂಚಣಿ ಅಂತ ಹುಡುಕಿದ್ರೆ ಸಿಗೋದಿಲ್ಲ. 2015ರಲ್ಲೇ 40 ದಾಟಿದವರು ಬಾಗಿಲ ಹೊರಗೇ. ಖಾತ್ರಿ ಕೊಟ್ಟಿರೋ ಮೊತ್ತ ತಿಂಗಳಿಗೆ 1000ದಿಂದ 5000 ರೂಪಾಯಿ, ಬೆಲೆ ಏರಿದ ಹಾಗೆ ಅದು ಏರೋದಿಲ್ಲ. ಕೂಲಿಯವನು ಆರಿಸ್ಕೊಳೋದು 1000ದ್ದೇ, ಕಂತು ಕಡಿಮೆ ಅಂತ. ಅದು 2035ರಲ್ಲಿ ಎಷ್ಟು ಬಾಳುತ್ತೆ ಅಂತ ನೀವೇ ಯೋಚಿಸಿ.

ಮತ್ತೆ ಕಂತು ಅಕೌಂಟಿಂದ ತಾನಾಗೇ ಕಟ್ ಆಗುತ್ತೆ. ಕೂಲಿ ಇಲ್ಲದ ತಿಂಗಳು ಅಕೌಂಟಲ್ಲಿ ದುಡ್ಡಿರೋಲ್ಲ, ಮುಂದಿನ ತಿಂಗಳು ದಂಡ ಸೇರಿಸಿ ತಗೋತಾರೆ. ಯೋಜನೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ವಂತಿಗೆ ಪಿಂಚಣಿ ಅನ್ನೋದು ತೆಂಗಿನ ಸಸಿ ಇದ್ದಂಗೆ, ಇವತ್ತು ಬಾಯಾರಿದವನಿಗೆ ಇವತ್ತು ನೆಟ್ಟ ಸಸಿಯಿಂದ ಎಳನೀರಿಲ್ಲ.

ತರಗೆಲೆ:
2035 ಅಂತ ಗೊತ್ತಿರ್ಲಿಲ್ಲ ಸಾರ್. ನಮ್ಮಣ್ಣನಿಗೆ ಮಾಡಿಸಿದೀನಿ, ಅವನಿಗಿನ್ನೂ ಹೇಳಿಲ್ಲ 😬

ನಕಾಶೆ:
ಇದಕ್ಕೊಂದು ಉಪಾಯ ಚೀನಾ ಮಾಡಿತ್ತು. 2009ರಲ್ಲಿ ಹಳ್ಳಿಗಳಿಗೆ ಹೊಸ ಪಿಂಚಣಿ ತಂದಾಗ, ಆಗಲೇ 60 ದಾಟಿದವರು ಏನೂ ಕಟ್ಟದೇ ತಳದ ಪಿಂಚಣಿ ತಗೋಬಹುದು, ಆದ್ರೆ ಅವರ ಮಕ್ಕಳು ಸೇರಿ ಕಟ್ಟೋಕೆ ಶುರು ಮಾಡಿರ್ಬೇಕು ಅಂತ ಇಟ್ರು. ಶುರುವಲ್ಲಿ ತಿಂಗಳಿಗೆ 55 ಯುವಾನ್, ದೊಡ್ಡ ಮೊತ್ತ ಅಲ್ಲ. ಆದ್ರೆ ತಕ್ಷಣ ಕೈಗೆ ಬಂತು.

ಜಾನಕತ್ತೆ:
ಮಗ ಜಗಳ ಆಡ್ಕೊಂಡು ಹೋಗಿದ್ರೆ? ಅವನು ಸೇರಲ್ಲ ಅಂದ್ರೆ ತಾಯಿಗೂ ಇಲ್ವಾ? ಇದನ್ನ ಮಾಡಿದವರು ಮನೆ ನಡೆಸಿದವರಲ್ಲ ಬಿಡಿ.

ಬಾವಿಕಟ್ಟೆ:
ಜಾನಕತ್ತೆ 💯

ನೇರಮಾತು:
ಸರಿ, ಇಷ್ಟೆಲ್ಲ ಕೇಳಿದ್ಮೇಲೆ ನನ್ನ ವಾದ ಸ್ವಲ್ಪ ತಿದ್ಕೋತೀನಿ, ಆದ್ರೆ ಬಿಡಲ್ಲ. ಕಟ್ಟಿಸ್ಕೊಳೋ ಯೋಜನೆಯನ್ನ ಬಡವರಿಗೆ ಹಿಗ್ಗಿಸೋದೇ ತಪ್ಪು. ಇವತ್ತಿನ ಊಟಕ್ಕೇ ಇಲ್ಲದವನ ಕೈಲಿ ಮೂವತ್ತು ವರ್ಷದ ಮೇಲಿನ ಊಟಕ್ಕೆ ಕಟ್ಟಿಸೋದು ಕ್ರೌರ್ಯ. ಎಲ್ಲ ಮುದುಕರಿಗೂ ಕೇಳದೇ ಕೊಟ್ಬಿಡಿ. ಬೊಲಿವಿಯಾದಲ್ಲಿ 2008ರಿಂದ 60 ದಾಟಿದವರಿಗೆಲ್ಲ ಕೊಡ್ತಾರೆ ಅಂತ ಓದಿದೀನಿ, ಕಟ್ಟಿದ ಪಿಂಚಣಿ ಇದ್ದವರಿಗೆ ಸ್ವಲ್ಪ ಕಡಿಮೆ. ಲೆಸೊಥೊ ಎಷ್ಟು ಬಡ ದೇಶ, 2004ರಲ್ಲಿ 70 ದಾಟಿದವರಿಗೆ ಶುರು ಮಾಡ್ತು. ವಂತಿಗೆದು ವಂತಿಗೆಯವರಿಗೆ ಇರ್ಲಿ.

ಹಳೇಗುಮಾಸ್ತ:
ಅದಕ್ಕೆ ನನ್ನ ಒಪ್ಪಿಗೆ ಇದೆ. ಒಂದೇ ಮಾತು: "ವಂತಿಗೆದು ವಂತಿಗೆಯವರಿಗೆ" ಅಂತೀರಲ್ಲ, ಬಹಳ ದೇಶಗಳಲ್ಲಿ ವಂತಿಗೆ ನಿಧಿಗೆ ಕೊರತೆ ಬಿದ್ದಾಗ ಬೊಕ್ಕಸದಿಂದ ತುಂಬ್ತಾರೆ. ಬೊಕ್ಕಸಕ್ಕೆ ದುಡ್ಡು ಸೋಪು, ಬೆಂಕಿಪೊಟ್ಟಣದ ಮೇಲಿನ ತೆರಿಗೆಯಿಂದಲೂ ಬರುತ್ತೆ. ಅಂದ್ರೆ ಕಾರ್ಡಿಲ್ಲದ ಕೂಲಿಯವಳೂ ನನ್ನ ಪಿಂಚಣಿಗೆ ಒಂದಿಷ್ಟು ಕಟ್ತಿದಾಳೆ. ನನಗೆ ಪ್ರತಿ ತಿಂಗಳು ಬರುತ್ತೆ, ಅವಳಿಗೆ ಇಲ್ಲ. ಇನ್ನೊಂದು, ಅವಧಿ ಸಾಲದೆ ಬಿಟ್ಟುಹೋದವರ ಹೆಸರಲ್ಲಿ ಮಾಲೀಕರು ಹಾಕಿದ ಪಾಲು ಕೆಲವು ಕಡೆ ನಿಧಿಯಲ್ಲೇ ಉಳಿದುಬಿಡುತ್ತೆ, ಅದು ಪೂರ್ತಿ ಅವಧಿ ಮಾಡಿದವರಿಗೆ ಅನುಕೂಲ.

ಪದಪ್ರೇಮಿ:
ಗುಮಾಸ್ತರೇ, ಭಾರತದಲ್ಲಿ ನೌಕರರ ಪಿಂಚಣಿ ಯೋಜನೆಗೆ 10 ವರ್ಷ ಅಲ್ವಾ? 15 ಅಂತ ಜನ ಹೆದರ್ಕೊಂಡಾರು. ಹತ್ತಕ್ಕಿಂತ ಕಡಿಮೆ ಇದ್ರೆ ಗಂಟು ತಗೊಂಡು ಹೋಗ್ಬಹುದು, ಇಲ್ಲಾ ಸರ್ಟಿಫಿಕೇಟ್ ಮಾಡಿಸ್ಕೊಂಡು ಮುಂದಿನ ಕೆಲಸಕ್ಕೆ ಸೇರಿಸ್ಕೋಬಹುದು. ಪದ ಬಿಟ್ಟು ಇದೂ ಒಂಚೂರು ಗೊತ್ತು ನಂಗೆ.

ಹಳೇಗುಮಾಸ್ತ:
ಸರಿಯಾಗಿ ಹೇಳಿದ್ರಿ, ಅಲ್ಲಿ 10. ನಾನು ಹೇಳಿದ್ದು ಅಂತಾರಾಷ್ಟ್ರೀಯ ಒಡಂಬಡಿಕೆಯ ಮಾತು. ಆದರೆ ಬಡವರು ಸರ್ಟಿಫಿಕೇಟ್ ತಗೊಳೋದನ್ನ ನಾನು ಕಂಡಿದ್ದು ಕಡಿಮೆ. ಕೆಲಸ ಹೋದ ದಿನ ಕೈಗೆ ಬರೋ ಗಂಟು ಬೇಕು ಅವರಿಗೆ, ಅದು ತಪ್ಪೂ ಅಲ್ಲ.

ಮನೆಮನೆತಿರುಗಿ:
ತಡವಾಗಿ ಬಂದೆ. ಈ ಸರ್ವೆ ಫಾರಂ ಹಿಡ್ಕೊಂಡು ಮನೆಮನೆ ತಿರುಗೋರಲ್ಲಿ ನಾನೂ ಒಬ್ಳು, ಹಾಗಾಗಿ ಒಂದು ಹೇಳ್ಲೇಬೇಕು. ನೀವೆಲ್ಲ ಪಾಲು, ಗೆರೆ ಅಂತಿದೀರಿ, ಆ ನಂಬರ್ ಹುಟ್ಟೋದು ನಮ್ಮ ಪೆನ್ನಲ್ಲಿ. ಪ್ರಶ್ನೆ ಹೀಗಿರುತ್ತೆ, "ಕಳೆದ 12 ತಿಂಗಳಲ್ಲಿ ಈ ಮನೆಯಲ್ಲಿ ಯಾರಿಗಾದ್ರೂ ನಿವೃತ್ತಿ ಅಥವಾ ಕುಟುಂಬ ಪಿಂಚಣಿ ಬಂದಿದೆಯೇ". ಒಂದು ಮನೆ, ಬಾಗಿಲಲ್ಲೇ ನಿಂತು ಕೇಳ್ದೆ. ಮಗ "ಯಾವ್ ಪಿಂಚಣಿನೂ ಇಲ್ಲ ಮೇಡಂ, ಬರ್ಕೊಳಿ" ಅಂದ. ನಾನು ಇಲ್ಲ ಅಂತ ಗೀಟು ಹಾಕೋಷ್ಟರಲ್ಲಿ ಒಳಗಿಂದ ಅಜ್ಜಿ, ಕಣ್ಣು ಕಾಣಲ್ಲ ಅವರಿಗೆ, "ನಂದು ಬರ್ತದಲ್ಲೋ" ಅಂದ್ರು. ಮಗ ತಿರುಗಿ "ಅದು ಅಪ್ಪನ ದುಡ್ಡು ಕಣಮ್ಮ, ಅವ್ರು ಪಿಂಚಣಿ ಕೇಳ್ತಿರೋದು" ಅಂದ. ಸುಳ್ಳು ಹೇಳೋ ಮುಖ ಅಲ್ಲ ಅದು. ಅವನ ಪ್ರಕಾರ ನಿಜವಾಗ್ಲೂ ಅದು ಪಿಂಚಣಿ ಅಲ್ಲ, ಅಪ್ಪನ ದುಡ್ಡು. ಪಾಸ್‌ಬುಕ್ ಅವನ ಹತ್ರ, ಅಜ್ಜಿ ಸೊಂಟದಲ್ಲಿ ಅದರ ಖಾಲಿ ಪ್ಲಾಸ್ಟಿಕ್ ಕವರ್ ಮಾತ್ರ ಇತ್ತು, ಮಡಚಿ ಸಿಕ್ಕಿಸ್ಕೊಂಡಿದ್ರು.

ಜಾನಕತ್ತೆ:
ಅಯ್ಯೋ. ಕವರ್ ಯಾಕೆ ಇಟ್ಕೊಂಡಿದ್ರು?

ಮನೆಮನೆತಿರುಗಿ:
ಕೇಳ್ಲಿಲ್ಲ ಅತ್ತೆ. ಕೇಳೋ ಹಾಗಿರ್ಲಿಲ್ಲ.

ನಕಾಶೆ:
ಯಾರ ಕೈಗೆ ಬರುತ್ತೆ ಅನ್ನೋದು ಎಷ್ಟು ಮುಖ್ಯ ಅನ್ನೋದಕ್ಕೆ ದಕ್ಷಿಣ ಆಫ್ರಿಕಾದ್ದು ಒಂದಿದೆ. ಅಲ್ಲಿಂದು ಕಟ್ಟಿದ ಪಿಂಚಣಿ ಅಲ್ಲ, ಸರ್ಕಾರ ಕೊಡೋದು, ಆದ್ರೂ ಹೇಳ್ತೀನಿ. ಎಸ್ತರ್ ಡುಫ್ಲೋ ಅನ್ನೋ ಅರ್ಥಶಾಸ್ತ್ರಜ್ಞೆ (2019ರಲ್ಲಿ ನೊಬೆಲ್ ಬಂತಲ್ಲ ಅವರೇ) ಅಳೆದು ನೋಡಿದ್ರು. ಅಜ್ಜಿ ಕೈಗೆ ಬಂದ ಮನೆಗಳಲ್ಲಿ ಹೆಣ್ಣು ಮಕ್ಕಳ ಬೆಳವಣಿಗೆ ಸುಧಾರಿಸಿತ್ತು, ತಾತನ ಕೈಗೆ ಬಂದ ಮನೆಗಳಲ್ಲಿ ಆ ಫರಕು ಕಾಣ್ಲಿಲ್ಲ.

ಸುಮ್ನೆಓದ್ತೀನಿ:
ತಾತಂದಿರ ಪರವಾಗಿ ಮಾತಾಡೋರು ಯಾರಾದ್ರೂ ಇದೀರಾ? ಗುಮಾಸ್ತರೇ?

ಹಳೇಗುಮಾಸ್ತ:
ನನ್ನ ಪಿಂಚಣಿ ಬಂದ ದಿನವೇ ಮನೆಯವಳ ಕೈಗೆ ಹೋಗುತ್ತೆ. ಸಾಕ್ಷಿಗೆ ಅವಳನ್ನೇ ಕೇಳಿ.

ಲೆಕ್ಕದಮೇಷ್ಟ್ರು:
ಮನೆಮನೆತಿರುಗಿ ಅವರೇ, ಕೊನೆಗೆ ಫಾರಂನಲ್ಲಿ ಏನಂತ ಬರ್ದ್ರಿ? ಹೌದಾ ಇಲ್ವಾ?

ಮನೆಮನೆತಿರುಗಿ:
ಹೌದು ಅಂತ ಬರ್ದೆ ಸರ್. ಅಜ್ಜಿ ಬಾಯಲ್ಲಿ ಕೇಳಿದೀನಲ್ಲ. ಆದ್ರೆ ಮುಂದಿನ ಪ್ರಶ್ನೆ "ಎಷ್ಟು". ಅಜ್ಜಿಗೆ ಗೊತ್ತಿಲ್ಲ, ಮಗ ಹೇಳ್ಲಿಲ್ಲ. ಗೊತ್ತಿಲ್ಲ ಅನ್ನೋದಕ್ಕೆ ಕೋಡ್ 99 ಇರುತ್ತೆ, ಅದನ್ನ ಹಾಕಿ ಮುಂದಿನ ಮನೆಗೆ ಹೋದೆ.

ಅಂಕಿಸಂಕಟ:
ಒಂದ್ನಿಮಿಷ. ನನ್ನ ಫೈಲಲ್ಲೂ 99 ಅಂದ್ರೆ ಅದೇ. ಮೊತ್ತದ ಕಾಲಂನಲ್ಲಿ 99 ಇರೋ ಸಾಲನ್ನೆಲ್ಲ ಮೊದಲ್ನೇ ದಿನವೇ ಕಸ ಅಂತ ಡಿಲೀಟ್ ಮಾಡಿದೀನಿ. ಬ್ಯಾಕಪ್ ಇದ್ಯಾ ನೋಡ್ತೀನಿ ಇರಿ.